ದೇಶ ಸುತ್ತಿದ್ದಕ್ಕೂ ಜಮೆಯುಂಟೇ?

(ಅರ್ಧಕ್ಕೆ ನಿಂತ ಓದು ಮತ್ತು ಬಾಳಿನ ಅನುಭವ: ಪದವಿಯ ದಾರಿಯಲ್ಲಿ ಇವು ಎಷ್ಟು ದೂರ ಜೊತೆಗೆ ಬರುತ್ತವೆ?)

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ನುಡಿ. ವಿದ್ಯೆಗೆ ದಾರಿಗಳೆರಡು, ಒಂದು ಗ್ರಂಥದ್ದು, ಇನ್ನೊಂದು ಬಾಳಿನದು. ಎರಡೂ ಸಮಾನ ಗೌರವಕ್ಕೆ ಅರ್ಹವೆಂಬುದೇ ಅದರ ಆಶಯ. ಉದರಂಭರಣಕ್ಕಾಗಿ ಹುಟ್ಟೂರು ತೊರೆದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳನ್ನು ಸೇರಿದ ಕನ್ನಡಿಗರು ಈ ನುಡಿಯ ಮೊದಲರ್ಧವನ್ನು ಚಾಚೂ ತಪ್ಪದೆ ಪಾಲಿಸಿದವರು. ಎರಡನೆಯ ಅರ್ಧವಾದರೋ ಅನೇಕರ ಪಾಲಿಗೆ ನಡುದಾರಿಯಲ್ಲಿಯೇ ನಿಂತುಹೋಯಿತು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡದ ರಾತ್ರಿ ಶಾಲೆಯಲ್ಲಿ ಕುಳಿತು ಎಸ್.ಎಸ್.ಸಿ. ಪಾಸು ಮಾಡಿದ ತಲೆಮಾರೊಂದು ಮುಂಬಯಿಯಲ್ಲಿ ಇತ್ತು. ಅವರಲ್ಲಿ ಕೆಲವರು ಮುಂದೆ ವಕೀಲರಾದರು, ಪ್ರಾಧ್ಯಾಪಕರಾದರು. ಆದರೆ ಪಾಸಾಗಿಯೂ ಮುಂದೆ ಓದಲಾಗದವರು, ಕಾಲೇಜಿನ ಮೆಟ್ಟಿಲು ಹತ್ತಿಯೂ ಅರ್ಧಕ್ಕೆ ಇಳಿದವರು ಎಷ್ಟು ಮಂದಿಯೋ, ಲೆಕ್ಕವಿಟ್ಟವರಿಲ್ಲ.

ಅಂಥವರಲ್ಲೊಬ್ಬರು ಎರಡು ವರ್ಷಗಳ ಹಿಂದೆ ರಾಜ್ಯೋತ್ಸವದ ಸಂಜೆ ನನ್ನನ್ನು ಕಾಣಲು ಬಂದರು. ನಾನು ಕಾಲೇಜೊಂದರ ಕಚೇರಿಯಲ್ಲಿ ಬಹುಕಾಲ ದುಡಿದು ನಿವೃತ್ತನಾದವನು. ಪ್ರವೇಶ, ಅಂಕಪಟ್ಟಿ, ವರ್ಗಾವಣೆ ಪತ್ರ ಇವುಗಳ ಜಂಜಾಟವನ್ನು ಬಿಡಿಸಿಕೊಡುವವನೆಂದು ನಮ್ಮ ಬಡಾವಣೆಯ ಕನ್ನಡಿಗರಲ್ಲಿ ನನ್ನ ಹೆಸರು ಬಿದ್ದುಹೋಗಿದೆ. ಬಂದವರು ನಾಲ್ವತ್ತೈದರ ಆಸುಪಾಸಿನ ಗೃಹಿಣಿ, ಧಾರವಾಡದ ಕಡೆಯವರು. ಬಿ.ಎಸ್‌ಸಿ. ಎರಡನೆಯ ವರ್ಷ ಮುಗಿಸಿ, ಮೂರನೆಯ ವರ್ಷಕ್ಕೆ ಕಾಲಿಡುವ ಮೊದಲೇ 1999ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದವರು. ಮಕ್ಕಳು ದೊಡ್ಡವರಾದ ಬಳಿಕ ಆಸ್ಪತ್ರೆಯೊಂದರ ವಿಮಾ ವಿಭಾಗವನ್ನು ಸೇರಿ ಹದಿನೇಳು ವರ್ಷ ದುಡಿದಿದ್ದರು. ರೋಗಿಗಳ ಕಾಗದಪತ್ರ ಸರಿಪಡಿಸುವುದು, ವಿಮಾ ಕಂಪೆನಿಗೆ ಬಿಲ್ಲು ಕಳುಹುವುದು, ತಿರಸ್ಕೃತವಾದ ಬಿಲ್ಲಿಗೆ ಸಮಜಾಯಿಷಿ ಬರೆಯುವುದು ಇವೆಲ್ಲ ಅವರಿಗೆ ಕರತಲಾಮಲಕ. ಹೊಸದಾಗಿ ಸೇರಿದ ಪದವೀಧರರಿಗೆ ಕೆಲಸ ಕಲಿಸಿದವರೂ ಇವರೇ. ಆದರೆ ವಿಭಾಗದ ಮುಖ್ಯಸ್ಥರ ಹುದ್ದೆ ತೆರವಾದಾಗ, ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ಇವರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಇವರೇ ಕೈಹಿಡಿದು ಕಲಿಸಿದ ತರುಣನೊಬ್ಬ ಇವರ ಮೇಲಧಿಕಾರಿಯಾದ.

ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಅವರ ತಂದೆ ಜೋಪಾನವಾಗಿ ಇಟ್ಟು, ಮದುವೆಯ ಪೆಟ್ಟಿಗೆಯಲ್ಲಿ ಸೀರೆಗಳ ಅಡಿಯಲ್ಲಿರಿಸಿ ಕಳುಹಿದ್ದ ಅಂಕಪಟ್ಟಿಗಳು. ಅಂಚುಗಳು ಹಳದಿಯಾಗಿದ್ದವು.

“ಕಾಕಾ, ಇವನ್ನ ರದ್ದಿಗೆ ಹಾಕ್ಲೋ, ಇಟ್ಕೊಳ್ಳೋ ಹೇಳ್ರಿ. ಒಬ್ಬಾವ ಎಂಬತ್ತೈದು ಸಾವಿರ ಕೊಟ್ರ ಮೂರು ವಾರದಾಗ ಡಿಗ್ರಿ ಕೊಡಸ್ತೀನಿ ಅಂತಾನ. ನನ್ನ ಅನುಭವಕ್ಕ ಮಾರ್ಕ್ಸ್ ಕೊಡ್ತಾರಂತ. ಖರೇ ಏನ್ರಿ ಇದು?” ಎಂದು ಕೇಳಿದರು.

ಈ ಪ್ರಶ್ನೆಯಲ್ಲಿ ಸತ್ಯ ಅರ್ಧ, ಸುಳ್ಳು ಅರ್ಧ ಬೆರೆತಿತ್ತು. ಅನುಭವದಿಂದ ಕಲಿತದ್ದಕ್ಕೂ, ಹಿಂದೆ ಓದಿ ಬಿಟ್ಟದ್ದಕ್ಕೂ ವಿಶ್ವವಿದ್ಯಾನಿಲಯಗಳು ಮನ್ನಣೆ ಕೊಡುವ ಪದ್ಧತಿ ಜಗತ್ತಿನಲ್ಲಿ ಇರುವುದು ನಿಜ. ಮೂರು ವಾರದಲ್ಲಿ, ಹಣಕ್ಕೆ ಪ್ರತಿಯಾಗಿ ಪದವಿ ದೊರೆಯುವುದೆಂಬುದು ಮಾತ್ರ ಶುದ್ಧ ಮೋಸ. ಇವೆರಡರ ನಡುವಣ ಗೆರೆಯನ್ನು ನಮ್ಮ ಬಾಂಧವರು ಅರಿಯಬೇಕೆಂಬುದೇ ಈ ಲೇಖನದ ಉದ್ದೇಶ.

ಕ್ರೆಡಿಟ್ ಎಂದರೇನು?

ಅಂಗಡಿಯ ಲೆಕ್ಕದ ಪುಸ್ತಕ ಬರೆದವರಿಗೆ ಜಮಾ-ಖರ್ಚಿನ ಮರ್ಮ ಗೊತ್ತು. ವಿದ್ಯೆಯ ಲೆಕ್ಕದಲ್ಲಿ ಜಮೆಯ ಏಕಮಾನವೇ ಕ್ರೆಡಿಟ್. ಇಷ್ಟು ಗಂಟೆಗಳ ಪಾಠ, ಅಭ್ಯಾಸ, ಪ್ರಯೋಗ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಇಷ್ಟು ಕ್ರೆಡಿಟ್ ಎಂದು ವಿಶ್ವವಿದ್ಯಾನಿಲಯ ಬರೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಕಲಿಕೆಯೆಂದರೆ 1200 ಗಂಟೆ. ಅದಕ್ಕೆ 40 ಕ್ರೆಡಿಟ್. ಅಂದರೆ ಮೂವತ್ತು ಗಂಟೆಯ ಕಲಿಕೆಗೆ ಒಂದು. ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ ಪದವಿಗೆ 160 ಎಂಬುದು ಈಗಿನ ಲೆಕ್ಕ.

ಹಿಂದಿನ ಪದ್ಧತಿಯಲ್ಲಿ ಪದವಿಯೆಂಬುದು ಇಡಿಯಾಗಿ ದೊರೆಯಬೇಕು, ಇಲ್ಲವೇ ಏನೂ ಇಲ್ಲ. ಎರಡು ವರ್ಷ ಓದಿ ಬಿಟ್ಟವನೂ ಒಂದು ದಿನವೂ ಓದದವನೂ ಉದ್ಯೋಗದಾತನ ಕಣ್ಣಿಗೆ ಒಂದೇ. ಬಾವಿ ಅರ್ಧ ತೋಡಿ ಬಿಟ್ಟರೆ ನೀರೂ ಇಲ್ಲ, ತೋಡಿದ ಕೂಲಿಯೂ ಇಲ್ಲ ಎಂಬಂತೆ. ಕ್ರೆಡಿಟ್ ಪದ್ಧತಿಯಲ್ಲಿ ತೋಡಿದಷ್ಟು ಆಳಕ್ಕೆ ಲೆಕ್ಕವುಂಟು.

ಈ ವಿಚಾರ ಬೆಳೆದ ಬಗೆ

ಈ ಆಲೋಚನೆ ಹೆಚ್ಚಾಗಿ ಬಲಿತದ್ದು ಅಮೆರಿಕೆಯಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಲಕ್ಷೋಪಲಕ್ಷವಾಗಿ ಮನೆಗೆ ಮರಳಿದಾಗ, ಅವರ ಕಾಲೇಜು ಶಿಕ್ಷಣಕ್ಕೆ ಸರಕಾರವೇ ನೆರವು ನೀಡಿತು. ರೇಡಿಯೋ ದುರಸ್ತಿ, ನಕಾಶೆ ರಚನೆ, ಶುಶ್ರೂಷೆ ಮೊದಲಾದುವನ್ನು ಸೈನ್ಯದಲ್ಲಿಯೇ ಕಲಿತು ಬಂದವರನ್ನು ಮತ್ತೆ ಮೊದಲ ಪಾಠದಿಂದ ಕೂರಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಅಮೆರಿಕನ್ ಶಿಕ್ಷಣ ಮಂಡಳಿಯು 1945ರಿಂದ ಸೈನಿಕ ತರಬೇತಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾವುದಕ್ಕೆ ಎಷ್ಟು ಕ್ರೆಡಿಟ್ ಕೊಡಬಹುದೆಂದು ಕಾಲೇಜುಗಳಿಗೆ ಶಿಫಾರಸು ಮಾಡತೊಡಗಿತು. ಒಪ್ಪುವುದೂ ಬಿಡುವುದೂ ಆಯಾ ಕಾಲೇಜಿನ ಇಚ್ಛೆ.

1967ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ‘ಕ್ಲೆಪ್’ ಎಂಬ ಪರೀಕ್ಷೆಗಳನ್ನು ಆರಂಭಿಸಿತು. ಎಲ್ಲಿ ಕಲಿತೆ, ಹೇಗೆ ಕಲಿತೆ ಎಂದು ಅದು ಕೇಳುವುದಿಲ್ಲ. ವಿಷಯ ಬರುವುದೋ ಇಲ್ಲವೋ ಎಂಬುದಷ್ಟೇ ಅದರ ಪ್ರಶ್ನೆ. ತೇರ್ಗಡೆಯಾದವರಿಗೆ ಒಪ್ಪುವ ಕಾಲೇಜುಗಳು ಆ ವಿಷಯದ ಕ್ರೆಡಿಟ್ ಕೊಡುವುವು. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಎಂಪೈರ್ ಸ್ಟೇಟ್ ಕಾಲೇಜೂ, 1972ರಲ್ಲಿ ನ್ಯೂಜೆರ್ಸಿಯ ಥಾಮಸ್ ಎಡಿಸನ್ ಕಾಲೇಜೂ ವಯಸ್ಕ ವಿದ್ಯಾರ್ಥಿಗಳ ಅನುಕೂಲಕ್ಕೆಂದೇ ಹುಟ್ಟಿದವು. ಇಂತಹ ಕಾಲೇಜುಗಳಲ್ಲಿ ಅಭ್ಯರ್ಥಿಯು ತನ್ನ ಕೆಲಸದಿಂದ ಏನು ಕಲಿತನೆಂಬುದನ್ನು ಸಾಕ್ಷಿಸಮೇತ ಬರೆದು ಒಪ್ಪಿಸುವ ಕ್ರಮವಿದೆ. ಆ ಬರಹದ ಕಟ್ಟನ್ನು ವಿಷಯತಜ್ಞರು ಓದಿ ಬೆಲೆ ಕಟ್ಟುವರು.

ಫ್ರಾನ್ಸ್ ದೇಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2002ರ ಕಾನೂನಿನಿಂದ ಇದನ್ನು ಪ್ರಜೆಯ ಹಕ್ಕನ್ನಾಗಿಯೇ ಮಾಡಿತು. ಸಂಬಂಧಪಟ್ಟ ಕೆಲಸದಲ್ಲಿ ಮೂರು ವರ್ಷ ದುಡಿದವರು ಅರ್ಜಿ ಸಲ್ಲಿಸಬಹುದೆಂದು ಆ ಕಾನೂನು ವಿಧಿಸಿತ್ತು. ಮುಂದೆ ಈ ನಿಬಂಧನೆಯನ್ನು ಸಡಿಲಿಸಲಾಯಿತು. ಅಭ್ಯರ್ಥಿಯ ಬರಹವನ್ನು ಓದಿ, ಅವನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಿದ ಮೇಲೆ ತಜ್ಞರ ಮಂಡಳಿಯು ಪದವಿಯನ್ನು ಪೂರ್ತಿಯಾಗಿಯೋ ಭಾಗಶಃವೋ ಕೊಡಬಹುದು, ನಿರಾಕರಿಸಲೂಬಹುದು.

ನಮ್ಮ ನಾಡಿನಲ್ಲಿ

ನಮಗೆ ಇದು ಸಂಪೂರ್ಣ ಹೊಸದೆಂದು ಭಾವಿಸಬೇಕಾಗಿಲ್ಲ. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದ ಹುಡುಗ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷ ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಹಳೆಯ ಓದಿಗೆ ಸಿಕ್ಕ ಜಮೆಯಲ್ಲದೆ ಅದು ಮತ್ತೇನು? ಜನರಲ್ ನರ್ಸಿಂಗ್ ಡಿಪ್ಲೊಮಾ ಪಡೆದ ದಾದಿಯರು ನಾಲ್ಕು ವರ್ಷದ ಬಿ.ಎಸ್‌ಸಿ.ಯನ್ನು ಮೊದಲಿಂದ ಓದಬೇಕಿಲ್ಲ. ಕಾಲೇಜಿನಲ್ಲಿ ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸು ಮುಗಿಸಿದರೆ ಪದವೀಧರೆಯರಾಗುವರು. 1948ರ ಫಾರ್ಮಸಿ ಕಾಯಿದೆ ಜಾರಿಗೆ ಬಂದಾಗ, ಆಸ್ಪತ್ರೆ ಔಷಧಾಲಯಗಳಲ್ಲಿ ಐದು ವರ್ಷ ಔಷಧ ತಯಾರಿಸಿ ಕೊಟ್ಟ ಅನುಭವವಿದ್ದ ಕಾಂಪೌಂಡರುಗಳಿಗೂ ಮೊದಲ ನೋಂದಣಿಯಲ್ಲಿ ಸ್ಥಾನ ಕಲ್ಪಿಸಲಾಗಿತ್ತು. ಇಂದು ಆ ಬಾಗಿಲು ಮುಚ್ಚಿದೆ. ವೈದ್ಯ, ಶುಶ್ರೂಷೆ, ಔಷಧಶಾಸ್ತ್ರ ಇವು ಪ್ರಾಣಕ್ಕೆ ಸಂಬಂಧಿಸಿದ ವಿದ್ಯೆಗಳಾದುದರಿಂದ ಕೇವಲ ಅನುಭವದ ಬಲದಿಂದ ಇವುಗಳಲ್ಲಿ ಅರ್ಹತೆ ದೊರೆಯದು, ದೊರೆಯಬಾರದು ಕೂಡ.

ದುಡಿಯುತ್ತ ಓದುವವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾವು ನೆಲಸಿರುವ ನಗರಗಳಿಗೂ ಇಂತಹ ಆಸರೆ ಉಂಟು. ಹೈದರಾಬಾದಿನಲ್ಲಿ 1982ರಲ್ಲಿ ಸ್ಥಾಪನೆಯಾದ, ಇಂದು ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರು ಹೊತ್ತಿರುವ ಮುಕ್ತ ವಿಶ್ವವಿದ್ಯಾನಿಲಯವೇ ದೇಶದಲ್ಲಿ ಮೊದಲನೆಯದು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರಲ್ಲಿ, ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾನಿಲಯ 1989ರಲ್ಲಿ, ಚೆನ್ನೈಯ ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯ 2002ರಲ್ಲಿ ಹುಟ್ಟಿದವು. ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಿದೆ. ಮಾನ್ಯತೆ ಪಡೆದ ಬೋರ್ಡಿನ ಪರೀಕ್ಷೆಯಲ್ಲಿ ಹಿಂದೆ ಪಾಸಾದ ಎರಡು ವಿಷಯಗಳವರೆಗೆ ಅದು ಹಳೆಯ ಅಂಕಗಳನ್ನೇ ಸ್ವೀಕರಿಸುವುದುಂಟು. ಉಳಿದ ವಿಷಯ ಮುಗಿಸಲು ಐದು ವರ್ಷದ ಅವಧಿಯಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಈ ದಾರಿ ಇನ್ನಷ್ಟು ಅಗಲವಾಗಿದೆ. 2021ರಲ್ಲಿ ಆರಂಭವಾದ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬುದು ಹೆಸರಿಗೆ ತಕ್ಕಂತೆ ವಿದ್ಯೆಯ ಬ್ಯಾಂಕು. ವಿದ್ಯಾರ್ಥಿಯ ಹೆಸರಿನಲ್ಲಿ ಖಾತೆ. ಗಳಿಸಿದ ಕ್ರೆಡಿಟ್‌ಗಳನ್ನು ವಿದ್ಯಾಸಂಸ್ಥೆಯೇ ಅದಕ್ಕೆ ಜಮಾ ಮಾಡುವುದು. ಒಂದು ಕಡೆ ಓದು ನಿಲ್ಲಿಸಿ ಬೇರೊಂದು ಊರಿನಲ್ಲಿ ಮುಂದುವರಿಸಬೇಕಾದರೆ ಖಾತೆಯಲ್ಲಿರುವುದನ್ನು ಅಲ್ಲಿಗೆ ವರ್ಗಾಯಿಸಬಹುದು. ಮದುವೆ, ವರ್ಗಾವಣೆ, ತಂದೆತಾಯಿಯರ ಕಾಯಿಲೆ ಎಂದು ಊರಿಂದೂರಿಗೆ ಅಲೆಯುವ ನಮ್ಮಂಥವರ ಮಕ್ಕಳಿಗೆ ಇದು ದೊಡ್ಡ ಉಪಕಾರ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. 2021-22ರ ಶೈಕ್ಷಣಿಕ ವರ್ಷದಿಂದ ಈಚೆಗೆ ಗಳಿಸಿದ ಕ್ರೆಡಿಟ್‌ಗಳಿಗೆ ಮಾತ್ರ ಈ ಬ್ಯಾಂಕಿನಲ್ಲಿ ಸ್ಥಾನ. ಮತ್ತು ಜಮೆಯ ಆಯುಷ್ಯ ಹೆಚ್ಚೆಂದರೆ ಏಳು ವರ್ಷ. ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಬೇಕೆಂಬ ನಿಬಂಧನೆಯೂ ಇದಕ್ಕೆ ಸೇರಿದೆ. ಸರಕಾರವು 2017ರಲ್ಲಿ ತೆರೆದ ‘ಸ್ವಯಂ’ ಎಂಬ ಅಂತರಜಾಲ ಪಾಠಶಾಲೆಯಲ್ಲಿ ಮನೆಯಲ್ಲಿ ಕುಳಿತೇ ಕಲಿತು, ಮೇಲ್ವಿಚಾರಣೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ವಿದ್ಯಾಸಂಸ್ಥೆ ಒಪ್ಪಿದಲ್ಲಿ ಒಂದು ಸೆಮಿಸ್ಟರಿನ ಶೇಕಡಾ 40ರವರೆಗೆ ಕ್ರೆಡಿಟ್ ಅಲ್ಲಿಂದಲೂ ಬರಬಹುದು.

ಬಾಳಿನ ಅನುಭವಕ್ಕೂ ಇಂದು ಒಂದಿಷ್ಟು ಸ್ಥಾನ ದೊರೆತಿದೆ. 2023ರ ಕ್ರೆಡಿಟ್ ಚೌಕಟ್ಟು ಕೆಲಸದ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶವಿತ್ತಿದೆ. ಆದರೆ ತಜ್ಞರ ಮೌಲ್ಯಮಾಪನ ಆದ ಮೇಲೆಯೇ. 2022ರಲ್ಲಿ ಸೈನ್ಯದ ಅಗ್ನಿವೀರರಿಗಾಗಿ ಘೋಷಿಸಲಾದ ಮೂರು ವರ್ಷದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಪಡೆದ ತರಬೇತಿಯಿಂದಲೇ ಬರುವುದು; ಉಳಿದರ್ಧವನ್ನು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪಾಠಗಳಿಂದ ಗಳಿಸಬೇಕು. ಕೊಡಗು, ಬೆಳಗಾವಿಗಳಿಂದ ಸೈನ್ಯ ಸೇರುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ಬಡಗಿ, ಬಾಣಸಿಗ, ವಿದ್ಯುತ್ ಕೆಲಸಗಾರ ಮೊದಲಾದವರ ಕಸುಬಿನ ಅರಿವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮನ್ನಣೆ’ ಎಂಬ ಕಾರ್ಯಕ್ರಮವೂ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಂಗವಾಗಿ ನಡೆದುಬಂದಿದೆ. ಅದು ಕಾಲೇಜು ಪದವಿಯಲ್ಲ, ಕಸುಬಿನ ಪ್ರಮಾಣಪತ್ರ ಎಂಬ ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು.

ಅನುಭವ ಬೇರೆ, ಕಲಿಕೆ ಬೇರೆ

ಇಲ್ಲಿ ಅತಿ ಮುಖ್ಯವಾದ ತತ್ತ್ವವೊಂದಿದೆ. ಯಾವ ನಂಬಲರ್ಹ ವಿದ್ಯಾಸಂಸ್ಥೆಯೂ ಅನುಭವಕ್ಕೆ ಕ್ರೆಡಿಟ್ ಕೊಡುವುದಿಲ್ಲ. ಅನುಭವದಿಂದ ಕಲಿತದ್ದಕ್ಕೆ ಕೊಡುತ್ತದೆ. ಇವೆರಡೂ ಒಂದೇ ಎಂದು ಭಾವಿಸಿ ಮೋಸಹೋಗುವವರೇ ಹೆಚ್ಚು.

ಮೂವತ್ತು ವರ್ಷ ಹೋಟೆಲು ನಡೆಸಿದ ಇಬ್ಬರನ್ನು ಕಲ್ಪಿಸಿಕೊಳ್ಳಿ. ‘ನನಗೆ ಎಲ್ಲ ಗೊತ್ತು, ಗಲ್ಲೆಯ ಮೇಲೆ ಕುಳಿತು ತಲೆ ನರೆತಿದೆ’ ಎನ್ನುವನು ಒಬ್ಬ. ಇನ್ನೊಬ್ಬನನ್ನು ಕೇಳಿದರೆ, ದಿನದ ವ್ಯಾಪಾರದಲ್ಲಿ ದಿನಸಿಗೆ ಎಷ್ಟು ಪಾಲು, ಸಂಬಳಕ್ಕೆ ಎಷ್ಟು, ಬಾಡಿಗೆಗೆ ಎಷ್ಟು ಎಂದು ಬರೆದು ತೋರಿಸುವನು. ಮಳೆಗಾಲದಲ್ಲಿ ಇಡ್ಲಿಯ ಹಿಟ್ಟು ಉಬ್ಬಲು ಏಕೆ ತಡವಾಗುತ್ತದೆ, ಅದಕ್ಕೆ ತಾನು ಏನು ಮಾಡಿದೆ, ಬೇಯಿಸಿದ ಅನ್ನವನ್ನು ಬಹಳ ಹೊತ್ತು ಹೊರಗಿಟ್ಟರೆ ಏನು ಅಪಾಯ ಎಂಬುದನ್ನು ವಿವರಿಸುವನು. ಬೆಲೆ ಏರಿಸಿದಾಗ ಗಿರಾಕಿ ಎಷ್ಟು ಕಡಿಮೆಯಾದರು, ಮತ್ತೆ ಎಷ್ಟು ದಿನಕ್ಕೆ ಮರಳಿದರು ಎಂದು ಲೆಕ್ಕದ ಪುಸ್ತಕ ತೆರೆದು ಹೇಳುವನು. ಇಬ್ಬರ ಅನುಭವವೂ ಮೂವತ್ತು ವರ್ಷದ್ದೇ. ಆದರೆ ಎರಡನೆಯವನು ಅದನ್ನು ಬೇರೆಯವರು ಅಳೆಯಬಲ್ಲ ವಿದ್ಯೆಯನ್ನಾಗಿ ಮಾಡಿಕೊಂಡಿದ್ದಾನೆ. ಕಾಲೇಜು ಕೇಳುವುದು ಇದನ್ನೇ: ಏನು ಬಲ್ಲೆ? ಏಕೆ ಹಾಗೆ ಎಂದು ಬಲ್ಲೆಯಾ? ಅದಕ್ಕೆ ಸಾಕ್ಷಿಯೇನು?

ಬೆಕ್ಕಿಗೆ ದೊರೆತ ಪದವಿ

ಈಗ ಮೂರು ವಾರದ ಪದವಿಯ ವಿಚಾರ. 2004ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾ ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರು ಟೆಕ್ಸಾಸ್ ಮೂಲದ ‘ವಿಶ್ವವಿದ್ಯಾನಿಲಯ’ವೊಂದನ್ನು ಪರೀಕ್ಷಿಸಲು ಒಂದು ಉಪಾಯ ಹೂಡಿದರು. ಕೋಲ್ಬಿ ಎಂಬ ಆರು ವರ್ಷದ ಬೆಕ್ಕಿನ ಹೆಸರಿನಲ್ಲಿ, 299 ಡಾಲರು ತೆತ್ತು ಪದವಿಗೆ ಅರ್ಜಿ ಹಾಕಿದರು. ಮಕ್ಕಳನ್ನು ನೋಡಿಕೊಂಡದ್ದು, ತಿಂಡಿಯಂಗಡಿಯಲ್ಲಿ ದುಡಿದದ್ದು, ಪತ್ರಿಕೆ ಹಂಚಿದ್ದು ಎಂದು ಕೆಲವು ಅನುಭವಗಳನ್ನು ಬರೆದರು. ಆ ಸಂಸ್ಥೆಯ ಉತ್ತರವೇನು? ‘ನಿಮ್ಮ ಅನುಭವವನ್ನು ನೋಡಿದರೆ ನೀವು ಇನ್ನೂ ಮೇಲಿನ ಎಂ.ಬಿ.ಎ. ಪದವಿಗೇ ಅರ್ಹರು, ಇನ್ನಷ್ಟು ಹಣ ಕಳುಹಿಸಿ’ ಎಂಬ ಅರ್ಥದ ಮಾತು! ಹಣ ಸಂದಿತು; ಪದವಿಯೂ ಬಂದಿತು; ಓದದ ವಿಷಯಗಳಲ್ಲಿ ಉತ್ತಮ ಶ್ರೇಣಿಯ ಅಂಕಪಟ್ಟಿಯೂ ಬಂದಿತು. ರಾಜ್ಯವು ಆ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. 2015ರಲ್ಲಿ ಕರಾಚಿಯ ಕಂಪೆನಿಯೊಂದು ಇಂತಹ ಹುಸಿ ಪದವಿಗಳನ್ನು ಜಗತ್ತಿನಾದ್ಯಂತ ಮಾರುತ್ತಿದ್ದುದು ಬಯಲಾಯಿತು. ಅಲ್ಲಿಯೂ ‘ಜೀವನಾನುಭವಕ್ಕೆ ಪದವಿ’ ಎಂಬುದೇ ಒಂದು ಗಾಳವಾಗಿತ್ತು.

ನಗು ಬರುವ ಕಥೆಯಾದರೂ ಮೋಸಹೋದವರಿಗೆ ಅದು ನಗೆಯ ವಿಷಯವಲ್ಲ. 1956ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಾಯಿದೆಯಂತೆ ನಮ್ಮ ದೇಶದಲ್ಲಿ ಪದವಿ ನೀಡುವ ಅಧಿಕಾರ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೂ, ವಿಶ್ವವಿದ್ಯಾನಿಲಯವೆಂದು ಪರಿಗಣಿತವಾದ ಸಂಸ್ಥೆಗಳಿಗೂ, ಸಂಸತ್ತು ವಿಶೇಷವಾಗಿ ಅಧಿಕಾರವಿತ್ತ ಸಂಸ್ಥೆಗಳಿಗೂ ಮಾತ್ರ ಉಂಟು. ಹುಸಿ ಪದವಿಯನ್ನು ಕೆಲಸದ ಅರ್ಜಿಗೆ ಲಗತ್ತಿಸಿದರೆ ಹಣ ಹೋಗುವುದಷ್ಟೇ ಅಲ್ಲ, ಇರುವ ಕೆಲಸಕ್ಕೂ ಸಂಚಕಾರ; ಮೇಲೆ ವಂಚನೆಯ ಮೊಕದ್ದಮೆ. ಹದಿನೇಳು ವರ್ಷ ಪ್ರಾಮಾಣಿಕವಾಗಿ ದುಡಿದು ಗಳಿಸಿದ ಹೆಸರು ಮೂರು ವಾರದ ಕಾಗದದಿಂದ ಮಣ್ಣುಗೂಡುವುದು.

ಮಾಡತಕ್ಕ ಕೆಲಸಗಳು

ನನ್ನ ಅನುಭವದಲ್ಲಿ ಕಂಡ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲನೆಯದಾಗಿ, ಹಳೆಯ ಅಂಕಪಟ್ಟಿಗಳನ್ನು ಎಂದಿಗೂ ರದ್ದಿಗೆ ಹಾಕಬೇಡಿ. ಕಳೆದುಹೋಗಿದ್ದರೆ ಓದಿದ ವಿಶ್ವವಿದ್ಯಾನಿಲಯಕ್ಕೆ ಬರೆದು ನಕಲು ಪ್ರತಿ ಪಡೆಯಿರಿ. ಅಂದಿನ ಪಠ್ಯಕ್ರಮದ ಪ್ರತಿ ಸಿಕ್ಕರೆ ಇನ್ನೂ ಒಳಿತು. ಹಳೆಯ ಪತ್ರಿಕೆಗೂ ಹೊಸ ಪತ್ರಿಕೆಗೂ ಹೋಲಿಕೆ ಉಂಟೇ ಎಂದು ನೋಡುವವರಿಗೆ ಅದೇ ಆಧಾರ.

ಎರಡನೆಯದಾಗಿ, ಹೆಸರಿನ ತೊಡಕನ್ನು ಮೊದಲೇ ಬಿಡಿಸಿಕೊಳ್ಳಿ. ಮದುವೆಯ ಬಳಿಕ ಹೆಸರು ಬದಲಾದ ಹೆಂಗಸರಿಗೆ ಅಂಕಪಟ್ಟಿಯಲ್ಲೊಂದು ಹೆಸರು, ಆಧಾರ್ ಚೀಟಿಯಲ್ಲೊಂದು ಹೆಸರು. ಊರಿನ ಹೆಸರು ಮೊದಲು ಬರುವುದೋ ಅಡ್ಡಹೆಸರು ಕೊನೆಗೆ ಬರುವುದೋ ಎಂಬ ಗೊಂದಲ ಕರ್ನಾಟಕದವರಿಗೆ ಹೊರನಾಡಿನಲ್ಲಿ ತಪ್ಪಿದ್ದಲ್ಲ. ವಿವಾಹ ಪ್ರಮಾಣಪತ್ರ, ಅಫಿಡವಿಟ್ಟು ಇವನ್ನು ಸಿದ್ಧವಾಗಿಟ್ಟುಕೊಳ್ಳಿ.

ಮೂರನೆಯದಾಗಿ, ಕೆಲಸದ ಪ್ರಮಾಣಪತ್ರದಲ್ಲಿ ‘ಇಷ್ಟು ವರ್ಷ ದುಡಿದಿರುವರು, ನಡತೆ ಉತ್ತಮ’ ಎಂದಷ್ಟೇ ಇದ್ದರೆ ಸಾಲದು. ಯಾವ ಯಾವ ಕೆಲಸ ಮಾಡಿದಿರಿ, ಯಾವ ತರಬೇತಿ ಪಡೆದಿರಿ, ಎಷ್ಟು ಜನಕ್ಕೆ ಕಲಿಸಿದಿರಿ ಎಂಬುದು ವಿವರವಾಗಿ ಇರಲಿ.

ನಾಲ್ಕನೆಯದಾಗಿ, ಶುಲ್ಕ ಕಟ್ಟುವ ಮೊದಲು ಯಾವ ಹಳೆಯ ಓದಿಗೆ ಎಷ್ಟು ವಿನಾಯಿತಿ ದೊರೆಯುವುದೆಂದು ವಿಶ್ವವಿದ್ಯಾನಿಲಯದಿಂದ ಲಿಖಿತವಾಗಿ ಉತ್ತರ ಪಡೆಯಿರಿ. ಬಾಯಿಮಾತಿನ ಭರವಸೆ ಬೇಡ. ಮಧ್ಯವರ್ತಿಯಂತೂ ಬೇಡವೇ ಬೇಡ.

ಐದನೆಯದಾಗಿ, ಆ ಸಂಸ್ಥೆಗೂ ಆ ಕೋರ್ಸಿಗೂ ಆ ವರ್ಷಕ್ಕೆ ಅನುದಾನ ಆಯೋಗದ ಅನುಮತಿಯುಂಟೇ ಎಂದು ಆಯೋಗದ ಪಟ್ಟಿಯಲ್ಲಿ ನೋಡಿ. ಹುಸಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ಆಯೋಗ ಪ್ರಕಟಿಸುತ್ತದೆ. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಗಳಿಗೆ ತಮ್ಮ ರಾಜ್ಯವೇ ಎಲ್ಲೆ. ಆದುದರಿಂದ ‘ಕರ್ನಾಟಕದ್ದೇ ಕೋರ್ಸು, ಮುಂಬಯಿಯಲ್ಲೇ ಕೇಂದ್ರ’ ಎಂದು ಯಾರಾದರೂ ಫಲಕ ಹಾಕಿದ್ದರೆ ನಂಬುವ ಮುನ್ನ ವಿಚಾರಿಸಿ.

ಕೊನೆಯದಾಗಿ, ಪದವಿ ಏತಕ್ಕೆ ಬೇಕೆಂಬುದನ್ನು ನಿಶ್ಚಯಿಸಿಕೊಳ್ಳಿ. ಬಡ್ತಿಗಾದರೆ, ಇಂತಹ ಪದವಿ ತಮಗೆ ಒಪ್ಪಿಗೆಯೇ ಎಂದು ಮೇಲಧಿಕಾರಿಗಳನ್ನು ಕೇಳಿಯೇ ಹೆಜ್ಜೆಯಿಡಿ. ಮನಸ್ಸಿನ ತೃಪ್ತಿಗಾದರೆ ಯಾರನ್ನೂ ಕೇಳಬೇಕಿಲ್ಲ.

ಮುಂದೇನಾಯಿತು?

ಆ ತಾಯಿಗೆ ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಸುಳ್ಳಾದೀತು. ಅವರು ಹಿಂದೆ ಓದಿದ ವಿಶ್ವವಿದ್ಯಾನಿಲಯವು ಪದವಿ ಪೂರೈಸುವ ಅವಧಿ ಎಂದೋ ಮುಗಿದಿದೆಯೆಂದು ಉತ್ತರಿಸಿತು. 2021ಕ್ಕೆ ಹಿಂದಿನ ಓದಾದುದರಿಂದ ಕ್ರೆಡಿಟ್ ಬ್ಯಾಂಕಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೆಲಸಕ್ಕೆ ಒದಗುವುದೆಂದು ಅವರು ಮುಕ್ತ ವಿಶ್ವವಿದ್ಯಾನಿಲಯವೊಂದರಲ್ಲಿ ಬಿ.ಕಾಂ. ಆರಿಸಿಕೊಂಡರು. ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳ ಅಂಕಗಳು ವಾಣಿಜ್ಯಕ್ಕೆ ಹೊಂದಲಿಲ್ಲ. ಪತ್ರವ್ಯವಹಾರ ನಾಲ್ಕು ತಿಂಗಳು ನಡೆದ ಬಳಿಕ ಎರಡು ಭಾಷಾ ಪತ್ರಿಕೆಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಎಲ್ಲ ಕಡೆಯೂ ಇದು ದೊರೆಯುವುದೆಂದು ಭರವಸೆ ಕೊಡಲಾರೆ.

ಆ ಪತ್ರ ಬಂದ ದಿನ ಅವರ ಮುಖ ಸಪ್ಪಗಾಗುವುದೆಂದು ನಾನು ಅಂಜಿದ್ದೆ. ಅವರಾದರೋ ಪತ್ರವನ್ನು ಎರಡು ಬಾರಿ ಓದಿ, “ಎರಡಾದ್ರೂ ಉಳದ್ವಲ್ರೀ ಕಾಕಾ. ಅಪ್ಪ ಪೆಟಗ್ಯಾಗ ಇಟ್ಟು ಕಳಿಸಿದ್ದು ಸುಮ್ಮನ ಹೋಗ್ಲಿಲ್ಲ” ಎಂದರು.

ಅಂಕಪಟ್ಟಿಯ ಲೆಕ್ಕಕ್ಕೆ ಬಾರದ ಇನ್ನೊಂದು ಜಮೆಯೂ ಅವರಿಗೆ ಒದಗಿತು. ವ್ಯಾಪಾರ ಲೆಕ್ಕಶಾಸ್ತ್ರ, ವಿಮೆ, ವಾಣಿಜ್ಯ ಕಾನೂನು ಎಂಬ ಪುಸ್ತಕಗಳನ್ನು ತೆರೆದಾಗ, ಹದಿನೇಳು ವರ್ಷ ಕೈಯಿಂದ ಮಾಡಿದ ಕೆಲಸಗಳಿಗೆಲ್ಲ ಅಲ್ಲಿ ಹೆಸರುಗಳಿದ್ದವು. ಇತರರು ಉರುಹೊಡೆಯುವುದನ್ನು ಅವರು ಒಮ್ಮೆ ಓದಿ ತಿಳಿದುಕೊಳ್ಳುತ್ತಾರೆ. ಅಡುಗೆ ಮುಗಿಸಿ, ಕಾಲೇಜಿಗೆ ಹೋಗುವ ಮಗಳ ಜೊತೆ ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ಓದುತ್ತಾರಂತೆ. ಈಗ ಎರಡನೆಯ ವರ್ಷದಲ್ಲಿದ್ದಾರೆ. ಬಡ್ತಿ ಇನ್ನೂ ಬಂದಿಲ್ಲ. ಎಂಬತ್ತೈದು ಸಾವಿರ ರೂಪಾಯಿ ಮಾತ್ರ ಬ್ಯಾಂಕಿನಲ್ಲಿ ಭದ್ರವಾಗಿದೆ.

ಬಂಧುಗಳೇ, ಕಲಿತದ್ದು ಪೂರ್ತಿಯಾಗಿ ವ್ಯರ್ಥವಾಗುವುದಿಲ್ಲ. ಹಾಗೆಂದು ಕಲಿಯದೆ ಜಮೆಯಾಗುವುದೂ ಇಲ್ಲ. ನಿಮ್ಮ ಮನೆಯ ಅಟ್ಟದ ಮೇಲೂ, ಊರಿನಿಂದ ತಂದ ಪೆಟ್ಟಿಗೆಯ ತಳದಲ್ಲೂ ಇಂಥದೊಂದು ಹಳದಿ ಕಾಗದ ಇರಬಹುದು. ಈ ಹಬ್ಬದ ರಜೆಯಲ್ಲಿ ಅದನ್ನೊಮ್ಮೆ ಹೊರತೆಗೆದು ಧೂಳು ಕೊಡವಿ ನೋಡಿರಿ. ನಿಮಗೆ ಬೇಡವಾದರೆ ನಿಮ್ಮ ಸೊಸೆಗೋ, ತಮ್ಮನಿಗೋ, ನೆರೆಮನೆಯ ಹೋಟೆಲಿನ ಹುಡುಗನಿಗೋ ಈ ಮಾತು ತಿಳಿಸಿರಿ. ದೇಶವನ್ನಂತೂ ಸಾಕಷ್ಟು ಸುತ್ತಿದ್ದಾಯಿತು. ಕೋಶ ತೆರೆಯಲು ಇನ್ನೂ ಹೊತ್ತು ಮೀರಿಲ್ಲ.